ರಂಗದ ಮೇಲಿನ ಉಕ್ಕಿನ ಹಗ್ಗ ಎಲ್ಲಿ ಸೋಲುತ್ತದೆ?

ಕೆಲವು ವರ್ಷಗಳ ಹಿಂದಿನ ಮಾತು. ಕಲಬುರಗಿಯ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮ ನಾಟಕದ ತಾಲೀಮು ನಡೆದಿತ್ತು. ನಾನು ಬಣ್ಣ ಹಚ್ಚುವವನಲ್ಲ. ಪರದೆ ಹಿಂದೆ ನಿಂತು ಲೈಟು, ಸೆಟ್ಟು ನೋಡಿಕೊಳ್ಳುವವನು. ಹನ್ನೆರಡು ಲೈಟು ಕಟ್ಟಿದ ಉದ್ದನೆಯ ಪೈಪು ಮೋಟಾರಿನಿಂದ ಮೇಲೇರುತ್ತಿತ್ತು. ಅರ್ಧ ದಾರಿಯಲ್ಲಿ ಅದರ ಎಡ ತುದಿ ಒಂದು ಗೇಣು ವಾಲಿತು. ಯಾರೋ ಕೂಗಿದರು, ಮೋಟಾರು ನಿಂತಿತು. ಮೆಲ್ಲಗೆ ಇಳಿಸಿ ನೋಡಿದರೆ ಎಡಗಡೆಯ ವೈರ್ ರೋಪ್, ಅಂದರೆ ಉಕ್ಕಿನ ತಂತಿ ಹೊಸೆದ ಹಗ್ಗ, ತನ್ನ ಕುಣಿಕೆಯಿಂದಲೇ ಜಾರುತ್ತಿತ್ತು. ಇನ್ನೆರಡು ಬೆರಳು ಜಾರಿದ್ದರೆ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು.

ಅದನ್ನು ಹಾಕಿದವರನ್ನು ಕರೆಸಿದೆವು. ಅವರು ನಕ್ಕು, "ಏನೂ ಆಗಂಗಿಲ್ಲ ಬಿಡ್ರಿ ಸರ, ಈ ಹಗ್ಗ ಎರಡ್ ಟನ್ ತಡೀತದ" ಅಂದರು. ಅವರ ಮಾತು ಸುಳ್ಳೇನಲ್ಲ. ಹಗ್ಗ ಹೊಸದು, ಒಂದು ತಂತಿಯೂ ಕಡಿದಿರಲಿಲ್ಲ. ಆದರೂ ಪೈಪು ಬೀಳುವುದರಲ್ಲಿತ್ತು. ಇವೆರಡೂ ಒಟ್ಟಿಗೆ ಹೇಗೆ ನಿಜ? ದಾಲ್ ಮಿಲ್ಲಿನಲ್ಲಿ ಚೀಲ ಎತ್ತುವ ಯಂತ್ರ ನೋಡಿಕೊಳ್ಳುವ ಒಬ್ಬ ಕಾಕಾ ನನಗೆ ಇದನ್ನು ಒಂದೇ ಮಾತಿನಲ್ಲಿ ಬಿಡಿಸಿದರು: "ಹಗ್ಗ ಏನ್ ನೋಡ್ತಿ ತಮ್ಮಾ, ಅದರ ತುದಿ ನೋಡು, ತಿರುವು ನೋಡು."

ಈ ಲೇಖನ ಓದಿ ಯಾರೂ ಏಣಿ ಹತ್ತಬೇಡಿ. ಈ ಕೆಲಸವನ್ನು ಕಲಿತವರೇ ಮಾಡಬೇಕು. ಆದರೆ ಸಭಾಂಗಣ ನಡೆಸುವವರಿಗೆ, ನಾಟಕ ತಂಡದವರಿಗೆ, ಕಾಲೇಜಿನ ವೇದಿಕೆ ನೋಡಿಕೊಳ್ಳುವವರಿಗೆ ಇಷ್ಟು ಗೊತ್ತಿದ್ದರೆ ಹಾಕಲು ಬಂದವರಿಗೆ ನಾಲ್ಕು ಪ್ರಶ್ನೆ ಕೇಳಬಹುದು.

ಮೊದಲು ಹಗ್ಗವನ್ನೇ ನೋಡೋಣ. 1834ರಲ್ಲಿ ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಯಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಅಧಿಕಾರಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದ. ಅದಕ್ಕೂ ಮುಂಚೆ ಗಣಿಯಲ್ಲಿ ಸರಪಳಿ ಇತ್ತು. ಸರಪಳಿಯ ಒಂದು ಕೊಂಡಿ ಹೋದರೆ ಎಲ್ಲ ಹೋಯಿತು, ಮುನ್ಸೂಚನೆ ಕೂಡ ಇಲ್ಲ. ಹಗ್ಗದಲ್ಲಿ ಒಂದು ತಂತಿ ಕಡಿದರೆ ಪಕ್ಕದ ತಂತಿಗಳು ಅದರ ಪಾಲು ಹೊರುತ್ತವೆ. ಕಡಿದ ತಂತಿ ಮುಳ್ಳಿನ ಹಾಗೆ ಹೊರಗೆ ಚಾಚಿ, ಕಣ್ಣಿಗೆ ಕಾಣುತ್ತದೆ. ಉಕ್ಕಿನ ಹಗ್ಗದ ದೊಡ್ಡ ಗುಣ ಇದೇ. ಅದು ಸಾಯುವ ಮುಂಚೆ ಹೇಳಿ ಸಾಯುತ್ತದೆ, ನೋಡುವವರು ಇದ್ದರೆ.

ಅಂಗಡಿಯಲ್ಲಿ "ಸಿಕ್ಸ್ ನೈಂಟೀನ್" ಎಂದು ಕೇಳುತ್ತಾರೆ. ಅಂದರೆ ಆರು ಎಳೆ, ಒಂದೊಂದು ಎಳೆಯಲ್ಲಿ ಹತ್ತೊಂಬತ್ತು ತಂತಿ, ಒಟ್ಟು 114 ತಂತಿ. ನಡುವೆ ನಾರಿನದೋ ಉಕ್ಕಿನದೋ ಒಂದು ತಿರುಳು. "ಸೆವೆನ್ ನೈಂಟೀನ್" ಅಂದರೆ 133 ತಂತಿ. ತಂತಿ ಸಣ್ಣದಾಗಿ, ಸಂಖ್ಯೆ ಜಾಸ್ತಿ ಆದಷ್ಟೂ ಹಗ್ಗ ಚೆನ್ನಾಗಿ ಬಾಗುತ್ತದೆ. ಹತ್ತೊಂಬತ್ತೇ ದಪ್ಪ ತಂತಿಯ ಒಂದೆಳೆ ಹಗ್ಗವೂ ಸಿಗುತ್ತದೆ. ಅದು ಕಂಬವನ್ನು ಬಿಗಿದು ನಿಲ್ಲಿಸಲು ಸರಿ. ಪುಲ್ಲಿಯ ಮೇಲೆ ದಿನಾ ಓಡಾಡಲು ಬೇಡ. ಪ್ಲಾಸ್ಟಿಕ್ ಹೊದಿಸಿದ ಹಗ್ಗ ನೋಡಲು ಚಂದ, ಆದರೆ ಒಳಗೆ ತುಕ್ಕು ಹಿಡಿದರೂ, ತಂತಿ ಕಡಿದರೂ ಮುಚ್ಚಿಡುತ್ತದೆ. ರಂಗದ ಮೇಲೆ ಅದನ್ನು ಕಟ್ಟಬಾರದು.

ಈಗ ಆ ಎರಡು ಟನ್ ಲೆಕ್ಕ. 6 ಮಿ.ಮೀ. ದಪ್ಪದ ಸಾಮಾನ್ಯ ವೈರ್ ರೋಪ್ ಕಡಿಯಲು ಹೆಚ್ಚುಕಡಿಮೆ ಎರಡು ಟನ್ ಭಾರ ಬೇಕು. ನಮ್ಮ ತೊಗರಿ ನಾಡಿನ ಭಾಷೆಯಲ್ಲಿ ಇಪ್ಪತ್ತು ಕ್ವಿಂಟಲ್. ಹಾಗಂತ ಇಪ್ಪತ್ತು ಕ್ವಿಂಟಲ್ ಕಟ್ಟಬಹುದಾ? ಕೆಳಗೆ ಮನುಷ್ಯರು ನಿಲ್ಲುವ ಜಾಗದಲ್ಲಿ ಅದರ ಎಂಟರಲ್ಲಿ ಇಲ್ಲವೇ ಹತ್ತರಲ್ಲಿ ಒಂದು ಪಾಲು ಮಾತ್ರ ಕಟ್ಟುವುದು ರೂಢಿ. ಅಂದರೆ ಒಂದು ಹಗ್ಗಕ್ಕೆ ಎರಡು, ಎರಡೂವರೆ ಕ್ವಿಂಟಲ್. ಉಳಿದಿದ್ದು ದಂಡ ಅಂತ ಅನಿಸುತ್ತದೆ. ಆದರೆ ಮೋಟಾರು ಶುರುವಾಗುವಾಗಿನ ಎಳೆತ, ಪುಲ್ಲಿಯ ಮೇಲಿನ ಬಾಗು, ತುದಿಯ ಗಂಟು, ವರ್ಷಗಳ ಸವೆತ, ಹಗ್ಗ ಹಗ್ಗಗಳ ನಡುವೆ ಭಾರ ಸರಿಯಾಗಿ ಹಂಚಿಕೆಯಾಗದಿರುವುದು, ಇವೆಲ್ಲ ಆ ಉಳಿಕೆಯಲ್ಲೇ ತಮ್ಮ ಪಾಲು ತಿನ್ನುತ್ತವೆ.

ಕೊನೆಯದನ್ನು ಸ್ವಲ್ಪ ನಿಂತು ನೋಡಬೇಕು, ಯಾಕಂದರೆ ಇದರಲ್ಲಿ ನಾನೂ ಮೋಸ ಹೋಗಿದ್ದೆ. ಹನ್ನೆರಡು ಮೀಟರ್ ಉದ್ದದ ಪೈಪು ಸುಮಾರು 43 ಕೆ.ಜಿ. ತೂಗುತ್ತದೆ. ಎಂಟೆಂಟು ಕೆ.ಜಿ.ಯ ಹನ್ನೆರಡು ಲೈಟು ಅಂದರೆ 96. ವೈರು, ಹುಕ್ಕು ಸೇರಿ ಇನ್ನೊಂದು ಇಪ್ಪತ್ತು. ಒಟ್ಟು 160 ಕೆ.ಜಿ. ಅಂದುಕೊಳ್ಳೋಣ. ಮೂರು ಹಗ್ಗ: ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು. ಒಂದೊಂದಕ್ಕೆ ಎಷ್ಟು ಬೀಳುತ್ತದೆ? ಐವತ್ತಮೂರು ಅಂತ ತಾನೇ ಹೇಳುತ್ತೀರಿ? ನಾನೂ ಹಾಗೇ ಹೇಳಿದ್ದೆ. ಭಾರ ಉದ್ದಕ್ಕೂ ಸಮನಾಗಿ ಹರಡಿದ್ದು, ಹೊರಗಿನ ಹಗ್ಗಗಳು ಪೈಪಿನ ತುತ್ತತುದಿಯಲ್ಲೇ ಇದ್ದರೆ ನಡುವಿನ ಹಗ್ಗ ಒಟ್ಟು ಭಾರದ ಶೇ. 62.5 ಹೊರುತ್ತದೆ. ತುದಿಯವು ಶೇ. 18.75ರಷ್ಟು ಮಾತ್ರ. ಅಂದರೆ ನಡುವೆ ನೂರು ಕೆ.ಜಿ., ಆಚೆ ಈಚೆ ಮೂವತ್ತು ಮೂವತ್ತು. ಪೈಪು ಒಂದೇ ಅಖಂಡವಾಗಿರುವುದರಿಂದ ಹೀಗಾಗುತ್ತದೆ. ಅದು ನಡುವಿನ ಹಗ್ಗದ ಮೇಲೆ ಎರಡೂ ಕಡೆಯಿಂದ ಒರಗುತ್ತದೆ. ಇದರ ಮೇಲೆ ಒಂದು ಹಗ್ಗ ಉಳಿದವುಗಳಿಗಿಂತ ಕೊಂಚ ಗಿಡ್ಡ ಆಗಿದ್ದರೆ ಲೆಕ್ಕವೇ ಬದಲಾಗುತ್ತದೆ. ಗಿಡ್ಡ ಇದ್ದದ್ದು ಜಾಸ್ತಿ ಹೊರುತ್ತದೆ, ಉದ್ದ ಇದ್ದದ್ದು ಆರಾಮಾಗಿ ನೇತಾಡುತ್ತದೆ. ಅದಕ್ಕೇ ಪ್ರತಿ ಹಗ್ಗದ ಕೆಳಗೆ, ತಿರುಗಿಸಿ ಉದ್ದ ಹೆಚ್ಚುಕಡಿಮೆ ಮಾಡುವ ತಿರುಪು, ಅಂದರೆ ಟರ್ನ್‌ಬಕಲ್ ಹಾಕಿ ಮಟ್ಟ ಸರಿಮಾಡುತ್ತಾರೆ. ಸರಿಮಾಡಿದ ಮೇಲೆ ಅದು ತಾನೇ ತಿರುಗದಂತೆ ಸಣ್ಣ ತಂತಿ ಸುತ್ತಿ ಬಿಗಿಯಬೇಕು. ಈ ಕೊನೆಯ ಕೆಲಸವನ್ನೇ ಜನ ಮರೆಯುವುದು.

ತುದಿಯ ವಿಷಯಕ್ಕೆ ಬರೋಣ. ನಮ್ಮ ಪೈಪು ಜಾರಿದ್ದು ಇಲ್ಲೇ.

ಹಗ್ಗದ ತುದಿಯಲ್ಲಿ ಕುಣಿಕೆ ಮಾಡುವಾಗ ಒಳಗೆ ಥಿಂಬಲ್ ಇರಬೇಕು. ಅದು ಕಣ್ಣಿನ ಹನಿಯಾಕಾರದ ಲೋಹದ ತೊಟ್ಟಿಲು. ಅದಿಲ್ಲದಿದ್ದರೆ ಶ್ಯಾಕಲ್ಲಿನ (ಕುಣಿಕೆಯನ್ನು ಪೈಪಿಗೆ ಸೇರಿಸುವ ಕೊಂಡಿ) ಕಂಬಿಯ ಮೇಲೆ ಹಗ್ಗ ಚಪ್ಪಟೆಯಾಗಿ ಮಡಿಯುತ್ತದೆ. ಆಮೇಲೆ ಕುಣಿಕೆಯ ಬಾಯಿ ಮುಚ್ಚಲು ಎರಡು ದಾರಿ. ಒಂದು, ಯು ಆಕಾರದ ಬೋಲ್ಟಿನ ಕ್ಲಾಂಪು. ಇನ್ನೊಂದು, ತಾಮ್ರದ ಇಲ್ಲವೇ ಅಲ್ಯುಮಿನಿಯಂನ ಕೊಳವೆಯನ್ನು ಯಂತ್ರದಲ್ಲಿ ಒತ್ತುವುದು. ಇದಕ್ಕೆ ಫೆರೂಲ್ ಎನ್ನುತ್ತಾರೆ.

ಕ್ಲಾಂಪಿನಲ್ಲಿ ಎರಡು ಭಾಗ. ಒಂದು ಯು ಬೋಲ್ಟು, ಇನ್ನೊಂದು ಕುದುರೆಯ ತಡಿಯ ಹಾಗೆ ಅಗಲವಾಗಿ, ಗೆರೆ ಕೊರೆದಿರುವ ತುಂಡು. ತಡಿ ಹಗ್ಗವನ್ನು ಅಗಲಕ್ಕೆ ಹಿಡಿಯುತ್ತದೆ, ನೋಯಿಸುವುದಿಲ್ಲ. ಯು ಬೋಲ್ಟು ಒಂದೇ ಗೆರೆಯಲ್ಲಿ ಕಚ್ಚುತ್ತದೆ, ಹಗ್ಗವನ್ನು ಜಜ್ಜುತ್ತದೆ. ಹಾಗಾಗಿ ಭಾರ ಹೊರುವ ಹಗ್ಗ ತಡಿಯಲ್ಲಿ ಕೂರಬೇಕು, ಮಡಚಿ ತಂದ ಗಿಡ್ಡ ಬಾಲ ಯು ಬೋಲ್ಟಿಗೆ. ತಿರುಗಾಮುರುಗಾ ಹಾಕಿದರೆ ಭಾರ ಹೊರುವ ಹಗ್ಗವೇ ಜಜ್ಜಿಹೋಗುತ್ತದೆ. ಒಂದು ಸಲ ಹೀಗೆ, ಒಂದು ಸಲ ಹಾಗೆ ಹಾಕಿದರೆ ಸಮಾ ಆಗುತ್ತದೆ ಎಂದು ನಂಬಿದವರೂ ಇದ್ದಾರೆ. ನಮ್ಮ ಸಭಾಂಗಣದಲ್ಲಿ ಇದ್ದದ್ದು ಅದೇ: ಎರಡೇ ಕ್ಲಾಂಪು, ಒಂದು ಸರಿ, ಒಂದು ಉಲ್ಟಾ, ಎರಡೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಥಿಂಬಲ್ ಇರಲೇ ಇಲ್ಲ.

6 ಮಿ.ಮೀ. ಹಗ್ಗಕ್ಕೆ ಮೂರು ಕ್ಲಾಂಪು ಹಾಕಿದರೆ ಮನಸ್ಸಿಗೆ ನೆಮ್ಮದಿ. ಒಂದರಿಂದ ಇನ್ನೊಂದಕ್ಕೆ ಹಗ್ಗದ ದಪ್ಪದ ಆರೇಳು ಪಟ್ಟು, ಅಂದರೆ ಸುಮಾರು 40 ಮಿ.ಮೀ. ಅಂತರ ಬೇಕು. ಮೊದಲು ಬಾಲದ ತುದಿಯ ಹತ್ತಿರದ್ದು, ಆಮೇಲೆ ಥಿಂಬಲ್ಲಿಗೆ ಅಂಟಿದ್ದು, ಕೊನೆಗೆ ನಡುವಿನದ್ದು. ಕ್ಲಾಂಪು ತಯಾರಿಸಿದವರು ಹೇಳಿದಷ್ಟು ಬಿಗಿ, ಬಿಗಿತ ಅಳೆದು ತೋರಿಸುವ ಟಾರ್ಕ್ ಪಾನಾದಲ್ಲಿ. ತೋಳಿನ ಅಂದಾಜಲ್ಲ. ಒಮ್ಮೆ ಭಾರ ಬಿದ್ದಮೇಲೆ ಹಗ್ಗ ಕೊಂಚ ಸಣ್ಣಗಾಗುತ್ತದೆ, ನಟ್ಟು ಸಡಿಲವಾಗುತ್ತದೆ. ಆಗ ಮತ್ತೊಮ್ಮೆ ಬಿಗಿಯಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕ್ಲಾಂಪಿನ ತುದಿ ಹಗ್ಗದ ಬಲದ ಶೇ. 80ರಷ್ಟನ್ನೇ ಉಳಿಸಿಕೊಳ್ಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎರಕದ ಕ್ಲಾಂಪುಗಳು ಬೇಲಿ ಬಿಗಿಯಲು ಸರಿ, ತಲೆಯ ಮೇಲೆ ಭಾರ ಎತ್ತಲು ಅಲ್ಲ. ಬಡಿದು ಮಾಡಿದ, ಫೋರ್ಜ್ಡ್ ಮಾಲೇ ಬೇಕು. ಅಂಗಡಿಯವರ ತಪ್ಪಿಲ್ಲ, ನಾವು ಕೇಳಿದ್ದನ್ನು ಅವರು ಕೊಡುತ್ತಾರೆ.

ನನ್ನ ಕೇಳಿದರೆ ಶಾಶ್ವತ ವೇದಿಕೆಗೆ ಒತ್ತಿದ ಫೆರೂಲೇ ಒಳ್ಳೆಯದು. ಸರಿಯಾದ ಅಳತೆಯ ಕೊಳವೆ, ಅದಕ್ಕೆ ತಕ್ಕ ಅಚ್ಚು, ಒತ್ತಿದ ಮೇಲೆ ಗೇಜ್ ಹಿಡಿದು ಪರೀಕ್ಷೆ, ಇಷ್ಟಾದರೆ ಹಗ್ಗದ ಬಲ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ನಟ್ಟೇ ಇಲ್ಲ, ಸಡಿಲ ಆಗುವ ಮಾತೂ ಇಲ್ಲ. ಹಗ್ಗದ ತುದಿ ಕೊಳವೆಯಿಂದ ಸ್ವಲ್ಪ ಹೊರಗೆ ಇಣುಕುತ್ತಿರಬೇಕು. ಕಾಣದಿದ್ದರೆ ಒಳಗೆ ಅರ್ಧಕ್ಕೇ ನಿಂತಿರಬಹುದು. ತೊಂದರೆ ಒಂದೇ. ಒತ್ತಿದ್ದು ಒತ್ತಿದ್ದೇ, ಅಳತೆ ತಪ್ಪಿದರೆ ಕತ್ತರಿಸಿ ಬಿಸಾಡಬೇಕು.

ಕತ್ತರಿಸುವ ಮಾತು ಬಂತು. ಹಗ್ಗವನ್ನು ಕತ್ತರಿಸುವ ಮುಂಚೆ ಆ ಜಾಗದ ಎರಡೂ ಕಡೆ ತಂತಿ ಅಥವಾ ಗಟ್ಟಿ ಟೇಪು ಸುತ್ತಬೇಕು. ಇಲ್ಲದಿದ್ದರೆ ಹೊಸೆದ ಎಳೆಗಳು ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಸುರುಳಿಯಿಂದ ಹಗ್ಗ ತೆಗೆಯುವಾಗಲೂ ಅಷ್ಟೇ. ಚಕ್ರವನ್ನು ಉರುಳಿಸುತ್ತಾ ಬಿಚ್ಚಬೇಕು. ಪಕ್ಕದಿಂದ ಎಳೆದರೆ ಸುತ್ತು ಬಿದ್ದು, ಸುತ್ತನ್ನು ಜಗ್ಗಿದರೆ ಮುರುಕು ಬೀಳುತ್ತದೆ. ಒಮ್ಮೆ ಮುರುಕು ಬಿದ್ದ ಹಗ್ಗ ಸುತ್ತಿಗೆಯಲ್ಲಿ ನೇರ ಮಾಡಿದರೂ ಮೊದಲಿನ ಹಗ್ಗ ಆಗುವುದಿಲ್ಲ.

ಈಗ ತಿರುವು. ಒಂದು ತಂತಿಯನ್ನು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಾ ಹೋದರೆ ಕಡಿಯುತ್ತದೆ, ಅಲ್ವಾ? ಪುಲ್ಲಿಯ ಮೇಲೆ ಹಗ್ಗ ಓಡುವಾಗ ಒಳಗಿನ ಪ್ರತಿ ತಂತಿಗೂ ಅದೇ ಆಗುತ್ತದೆ. ಪುಲ್ಲಿ ದೊಡ್ಡದಿದ್ದರೆ ಬಾಗು ಮೆತ್ತಗೆ, ಹಗ್ಗಕ್ಕೆ ಆಯುಸ್ಸು ಜಾಸ್ತಿ. 6 ಮಿ.ಮೀ. ಹಗ್ಗಕ್ಕೆ 200 ಮಿ.ಮೀ. ಪುಲ್ಲಿ ಹಾಕಿದರೆ ಹಗ್ಗದ ದಪ್ಪದ ಮೂವತ್ತಮೂರು ಪಟ್ಟು, ಒಳ್ಳೆಯದು. 75 ಮಿ.ಮೀ. ಪುಲ್ಲಿ ಹಾಕಿದರೆ ಹನ್ನೆರಡೂವರೆ ಪಟ್ಟು. ಹಗ್ಗ ಅದೇ, ಭಾರ ಅದೇ, ಆದರೆ ಎಷ್ಟೋ ಬೇಗ ಸವೆಯುತ್ತದೆ. ಮೇಲಿನಿಂದ ಒಂದು ಪುಲ್ಲಿ, ಕೂಡಲೇ ಕೆಳಗಿನಿಂದ ಇನ್ನೊಂದು, ಹೀಗೆ ಎಸ್ ಆಕಾರದಲ್ಲಿ ತಿರುಗಿಸಿದರೆ ಇನ್ನೂ ಕೆಟ್ಟದ್ದು. ಪುಲ್ಲಿಯ ಅಂಚಿನಲ್ಲಿ ಹಗ್ಗ ಕೂರುವ ತೋಡು ಹಗ್ಗಕ್ಕಿಂತ ಒಂದಿಷ್ಟೇ ಅಗಲ ಇರಬೇಕು. ಇಕ್ಕಟ್ಟಾದರೆ ಹಿಂಡುತ್ತದೆ, ಸಡಿಲಾದರೆ ಹಗ್ಗ ಚಪ್ಪಟೆಯಾಗುತ್ತದೆ. ಹಗ್ಗ ಸಡಿಲಾದಾಗ ಹೊರಗೆ ನೆಗೆಯದಂತೆ ಪುಲ್ಲಿಗೆ ಅಡ್ಡ ಕಂಬಿಯೂ ಇರಬೇಕು.

ಮೋಟಾರು ತಿರುಗಿಸುವ, ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನ ಹತ್ತಿರ ಇನ್ನೊಂದು ಲೆಕ್ಕವಿದೆ. ಹಗ್ಗ ಸುತ್ತುತ್ತಾ ಡ್ರಮ್ಮಿನ ಈ ಅಂಚಿನಿಂದ ಆ ಅಂಚಿಗೆ ಸರಿಯುತ್ತದೆ, ಎದುರಿನ ಪುಲ್ಲಿ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಹಗ್ಗ ಓರೆಯಾಗುತ್ತದೆ. ಈ ಓರೆ ನುಣುಪಾದ ಡ್ರಮ್ಮಿಗೆ ಒಂದೂವರೆ ಡಿಗ್ರಿ, ತೋಡು ಕೊರೆದ ಡ್ರಮ್ಮಿಗೆ ಎರಡು ಡಿಗ್ರಿ ದಾಟಬಾರದು. ಒಂದೂವರೆ ಡಿಗ್ರಿ ಅಂದರೆ ಮೀಟರಿಗೆ 26 ಮಿ.ಮೀ. ಪುಲ್ಲಿ ಮೂರು ಮೀಟರ್ ದೂರ ಇದ್ದರೆ ನಡುವಿನಿಂದ ಆಚೆಗೆ ಎಂಟು ಸೆಂ.ಮೀ., ಈಚೆಗೆ ಎಂಟು ಸೆಂ.ಮೀ. ಅಷ್ಟೇ. ಜಾಗ ಇಲ್ಲ ಎಂದು ಮೋಟಾರನ್ನು ಪುಲ್ಲಿಯ ಬುಡಕ್ಕೇ ಕೂರಿಸಿದರೆ ಹಗ್ಗ ಸುತ್ತಿನ ಮೇಲೆ ಸುತ್ತು ಹತ್ತಿ ಉಜ್ಜುತ್ತದೆ. ಪೈಪು ಪೂರ್ತಿ ಕೆಳಗೆ ಬಂದಾಗಲೂ ಡ್ರಮ್ಮಿನಲ್ಲಿ ಎರಡು ಮೂರು ಸುತ್ತು ಉಳಿದಿರಬೇಕು. ಆ ಸುತ್ತುಗಳ ಹಿಡಿತವೇ ಭಾರವನ್ನು ತಡೆಯುವುದು, ಕೊನೆಯ ಬೋಲ್ಟು ಬರೀ ಆಸರೆ.

ಯಾರೂ ಕೇಳದ ಒಂದು ಪ್ರಶ್ನೆ: ಇದೆಲ್ಲ ನೇತಾಡುತ್ತಿರುವುದು ಯಾವುದಕ್ಕೆ? ಬಾವಿ ನೆನಪಿಸಿಕೊಳ್ಳಿ. ಹತ್ತು ಕೆ.ಜಿ. ಕೊಡವನ್ನು ರಾಟೆಯ ಮೇಲಿನ ಹಗ್ಗದಿಂದ ನೀವು ನೇರ ಕೆಳಗೆ ಜಗ್ಗುತ್ತೀರಿ. ರಾಟೆ ಕಟ್ಟಿದ ಅಡ್ಡಮರಕ್ಕೆ ಬೀಳುವ ಭಾರ ಹತ್ತಲ್ಲ, ಇಪ್ಪತ್ತು. ಕೊಡದ್ದು ಹತ್ತು, ನೀವು ಜಗ್ಗುವುದು ಹತ್ತು. ರಂಗದಲ್ಲಿ ಮೋಟಾರು ನೆಲದ ಮೇಲಿದ್ದು, ಹಗ್ಗ ಮೇಲೆ ಹೋಗಿ ಅಡ್ಡಕ್ಕೆ ತಿರುಗಿದರೆ ಆ ಮೂಲೆಯ ಪುಲ್ಲಿಗೆ ಭಾರದ 1.41 ಪಟ್ಟು ಬೀಳುತ್ತದೆ, ಅದೂ ಓರೆಯಾಗಿ. 400 ಕೆ.ಜಿ. ಎತ್ತಿದರೆ ತೊಲೆಯನ್ನು 400 ಕೆ.ಜಿ. ಕೆಳಗೂ, 400 ಕೆ.ಜಿ. ಪಕ್ಕಕ್ಕೂ ಎಳೆದ ಹಾಗೆ. ಹತ್ತು ಪೈಪು ಸಾಲಾಗಿ ಹಾಕಿದರೆ ಪಕ್ಕಕ್ಕೆ ನಾಲ್ಕು ಟನ್. ತಗಡು, ಫ್ಯಾನು ಹೊರಲು ಕಟ್ಟಿದ ಹಳೆಯ ಛಾವಣಿಗೆ ಈ ಪಕ್ಕದ ಎಳೆತ ಕನಸಲ್ಲೂ ಗೊತ್ತಿಲ್ಲ. ಜಾತ್ರೆಯಲ್ಲಿ ಡೇರೆ ಹಾಕುವ ನಾಟಕ ಕಂಪನಿಯವರು ಸೀನ್ ಪರದೆಯನ್ನು ಕೈ ಹಗ್ಗದಲ್ಲೇ ಎಳೆಯುತ್ತಾರೆ. ಅಲ್ಲಿ ಭಾರವೂ ಕಡಿಮೆ, ಕಂಬಕ್ಕೆ ಗೂಟದ ಬಿಗಿತವೂ ಇರುತ್ತದೆ. ಕಾಂಕ್ರೀಟ್ ಸಭಾಂಗಣಕ್ಕೆ ಮೋಟಾರು ತರುವ ಮುಂಚೆ ಕಟ್ಟಡದ ಎಂಜಿನಿಯರ್ ಸಹಿ ಬೇಕು.

ಮೋಟಾರಿನ ಕಡೆ ಜಾಸ್ತಿ ಹೋಗುವುದಿಲ್ಲ. ಎರಡು ಬ್ರೇಕು, ಪೈಪು ಮಿತಿ ಮುಟ್ಟಿದಾಗ ಮೋಟಾರು ನಿಲ್ಲಿಸಲು ಮೇಲೆ ಕೆಳಗೆ ಲಿಮಿಟ್ ಸ್ವಿಚ್ಚು, ಇಷ್ಟು ಎಲ್ಲರೂ ಹೇಳುತ್ತಾರೆ. ನಮ್ಮಂಥ ಊರುಗಳಲ್ಲಿ ನಿಜವಾಗಿ ಕಾಡುವುದು ಬೇರೆ. ಕರೆಂಟು ಹೋಗಿ ಜನರೇಟರಿಗೆ ಬದಲಿಸುವಾಗ ತ್ರೀ ಫೇಸಿನ ಎರಡು ವೈರು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಇಳಿಸುವ ಬಟನ್ ಒತ್ತಿದರೆ ಪೈಪು ಏರುತ್ತದೆ. ಮೇಲಿನ ಲಿಮಿಟ್ ಸ್ವಿಚ್ಚು ತಾಗಿದರೂ ನಿಲ್ಲುವುದಿಲ್ಲ, ಯಾಕಂದರೆ ಅದು ಕಡಿಯುವುದು ಏರಿಸುವ ಬಟನ್ನಿನ ಕರೆಂಟನ್ನು, ನೀವು ಒತ್ತಿದ್ದು ಇಳಿಸುವುದನ್ನು. ಪೈಪು ಪುಲ್ಲಿಗೆ ಬಡಿದು ಹಗ್ಗ ಕಿತ್ತುಬರುವ ತನಕ ಹೋಗುತ್ತದೆ. ಫೇಸ್ ತಪ್ಪಿದರೆ ಮೋಟಾರನ್ನು ಶುರುವೇ ಆಗಗೊಡದ ರಿಲೇ ಒಂದು, ಎಲ್ಲ ತಪ್ಪಿದರೂ ಮೇನ್ ಪವರನ್ನೇ ಕಡಿಯುವ ಕೊನೆಯ ಸ್ವಿಚ್ಚು ಒಂದು, ಇವೆರಡನ್ನೂ ಕೇಳಿ ಹಾಕಿಸಿ.

ಎಲ್ಲ ಆದಮೇಲೆ ಭಾರದ ಪರೀಕ್ಷೆ. ಬರೆದಿಟ್ಟ ಮಿತಿಯ ಒಂದೂಕಾಲು ಪಟ್ಟು ಕಟ್ಟಬೇಕು. ಮಿತಿ 200 ಕೆ.ಜಿ. ಇದ್ದರೆ 250. ಐವತ್ತು ಕೆ.ಜಿ.ಯ ಐದು ಸಿಮೆಂಟ್ ಚೀಲ ಸಾಕು, ಸೇಡಂ, ವಾಡಿಯ ನಾಡಿನಲ್ಲಿ ಅದಕ್ಕೇನು ಬರ? ಚೀಲಗಳನ್ನು ಪೈಪಿನ ಉದ್ದಕ್ಕೂ ಹರಡಿ ಕಟ್ಟಬೇಕು. ಕೆಳಗೆ ಒಬ್ಬರೂ ಇರಬಾರದು, ಚಹಾ ತಂದ ಹುಡುಗನೂ ಸೇರಿ. ಅರ್ಧಕ್ಕೆ ಏರಿಸಿ ಪವರ್ ತೆಗೆದು, ಡ್ರಮ್ಮಿಗೆ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿ ಕಾಯಬೇಕು. ಗುರುತು ಸರಿದರೆ ಬ್ರೇಕು ಜಾರುತ್ತಿದೆ.

ಹೊಸ ಹಗ್ಗ ಕೆಲವು ದಿನ ಉದ್ದವಾಗುತ್ತದೆ. ಏಪ್ರಿಲ್‌ನಲ್ಲಿ ಪೈಪು ವಾಲಿದರೆ ನಮ್ಮವರು, "ಬಿಸಿಲಿಗೆ ಹಿಗ್ಗೇದ್ರಿ" ಅನ್ನುತ್ತಾರೆ. ಕಲಬುರಗಿಯ ಬಿಸಿಲಿನ ಮೇಲೆ ಏನು ಹಾಕಿದರೂ ನಡೆಯುತ್ತದೆ! ಆದರೆ ಲೆಕ್ಕ ಮಾಡಿದರೆ ಇಪ್ಪತ್ತು ಮೀಟರ್ ಹಗ್ಗ ಇಪ್ಪತ್ತು ಡಿಗ್ರಿ ಬಿಸಿಯಾದರೆ ಹಿಗ್ಗುವುದು ಐದು ಮಿ.ಮೀ. ಕೂಡ ಅಲ್ಲ. ಎಲ್ಲ ಹಗ್ಗಗಳೂ ಒಟ್ಟಿಗೆ ಹಿಗ್ಗುತ್ತವೆ ಬೇರೆ. ನಿಜವಾದ ಕಾರಣ ಎಳೆಗಳು ತಿರುಳಿನ ಮೇಲೆ ಒತ್ತಿ ಕೂರುವುದು. ಇದರಿಂದ ಅರ್ಧ ಪರ್ಸೆಂಟ್ ಉದ್ದವಾದರೂ ಇಪ್ಪತ್ತು ಮೀಟರಿಗೆ ಹತ್ತು ಸೆಂ.ಮೀ. ಆಗುತ್ತದೆ. ಒಂದೆರಡು ವಾರ ಬಿಟ್ಟು ಮತ್ತೆ ಮಟ್ಟ ನೋಡುವುದು ಇದಕ್ಕೇ. ನಮ್ಮ ಹವೆಯಲ್ಲಿ ಬಿಸಿಲಿಗಿಂತ ಧೂಳಿಗೆ ಹೆದರಬೇಕು. ಗ್ರೀಸ್ ಬಳಿದು ಬಿಟ್ಟರೆ ಧೂಳು ಅಂಟಿ ಅರದ ಪುಡಿಯ ಹಾಗೆ ಉಜ್ಜುತ್ತದೆ, ಪರದೆಯ ಮೇಲೆ ಕಪ್ಪು ಹನಿ ಬೇರೆ. ಸತು ಲೇಪದ ಹಗ್ಗ ಹಾಕಿ, ಗ್ರೀಸನ್ನು ಹಗ್ಗ ಮಾಡಿದವರು ಹೇಳಿದಷ್ಟಕ್ಕೇ ಬಿಡುವುದು ಮೇಲು.

ತಪಾಸಣೆಗೆ ಬೇಕಾದದ್ದು ಚರ್ಮದ ಕೈಗವಸು, ಒಂದು ಹಿಡಿ ಹತ್ತಿ, ದಪ್ಪ ಅಳೆಯಲು ಒಂದು ವರ್ನಿಯರ್. ಹತ್ತಿಯನ್ನು ನಿಂತ ಹಗ್ಗದ ಉದ್ದಕ್ಕೂ ಸವರಿದರೆ ಕಡಿದ ತಂತಿ ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಸಿಕ್ಕಿಕೊಳ್ಳುವುದು ಚರ್ಮ. ದಪ್ಪ ಅಳೆಯುವಾಗ ಎಳೆಗಳ ಉಬ್ಬಿನಿಂದ ಉಬ್ಬಿಗೆ ಹಿಡಿಯಬೇಕು, ತಗ್ಗಿನಲ್ಲಿ ಅಲ್ಲ. ಒಂದು ಎಳೆ ಹಗ್ಗವನ್ನು ಪೂರ್ತಿ ಸುತ್ತಿ ಬರುವ ಉದ್ದದೊಳಗೆ ಆರು ತಂತಿ, ಇಲ್ಲವೇ ಒಂದೇ ಎಳೆಯಲ್ಲಿ ಮೂರು ತಂತಿ ಕಡಿದಿದ್ದರೆ ಹಗ್ಗ ತೆಗೆಯಬೇಕು ಎಂಬುದು ಒಂದು ಬಿಗಿಯಾದ ರೂಢಿ. ನಾನು ತುದಿಯ ಕುಣಿಕೆಯ ಹತ್ತಿರ ಒಂದು ತಂತಿ ಕಡಿದಿದ್ದು ಕಂಡರೂ ಪೈಪು ಕೆಳಗಿಳಿಸುತ್ತೇನೆ.

ಬದಲಿಸುವಾಗ ಆ ಪೈಪಿನ ಎಲ್ಲ ಹಗ್ಗಗಳನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಎರಡು ಹಳೆಯದು ಇದ್ದರೆ ಹೊಸದು ಉದ್ದವಾಗುತ್ತಾ ಹಳೆಯದರ ಮೇಲೆ ಭಾರ ಹಾಕುತ್ತದೆ. ಇಳಿಸಿದ ಹಳೆಯ ಹಗ್ಗವನ್ನು ಗುಜರಿಗೆ ಹಾಕುವ ಮುಂಚೆ ಮೊಳದುದ್ದ ತುಂಡು ಮಾಡಿಸಿ. ಒಂದು ಸಲ ನಾವು ತುಂಡು ಮಾಡದೆ ಹಾಗೇ ಇಟ್ಟಿದ್ದೆವು. ವಾರದೊಳಗೆ ಒಬ್ಬರು ಬಂದು, "ಸುಮ್ನೆ ಬಿದ್ದದಲ್ರಿ, ಬೋರಿನ ಮೋಟಾರ್ ಇಳಸ್ಲಿಕ್ಕ ಕೊಡ್ರಿ" ಅಂತ ಕೇಳಿದರು.